ಕತ್ತರಿ ಹಿಡಿದವನಿಗೊಂದು ಸರ್ಟಿಫಿಕೇಟು

ಕಟಿಂಗ್ ಶಾಪ್ ಇಟ್ಟವನಿಗೆ ತಮಾಷೆಗೆ ಬರವಿಲ್ಲ. ಬಟ್ಟೆ ಹೊದ್ದು ಕುರ್ಚಿಯಲ್ಲಿ ಕೂತ ಮನುಷ್ಯ ಕೈ ಆಡಿಸುವಂತಿಲ್ಲ, ತಲೆ ಅಲ್ಲಾಡಿಸುವಂತಿಲ್ಲ, ಹಾಗಾಗಿ ಬಾಯಿ ಬಿಡುತ್ತಾನೆ. ಕುರುಬರಹಳ್ಳಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಎರಡು ಕುರ್ಚಿಯ ಅಂಗಡಿ ನಡೆಸುತ್ತಿರುವ ನನಗೆ ಇದು ದಿನಾ ಇದ್ದದ್ದೇ. ಆದರೆ ಅಂಗಡಿ ಮುಚ್ಚಿದ್ದಾಗಲೂ ಇಂಥವು ನನ್ನನ್ನೇ ಹುಡುಕಿಕೊಂಡು ಬಂದವು ನೋಡಿ, ಅದೇ ಆಶ್ಚರ್ಯ.

ಕೊರೊನಾದ ಮೊದಲ ಲಾಕ್‌ಡೌನ್. ಶಟರ್ ಎಳೆದು ತಿಂಗಳ ಮೇಲಾಗಿತ್ತು, ಕೂಡಿಟ್ಟದ್ದೆಲ್ಲ ಕರಗಿತ್ತು. ಎರಡು ಕುರ್ಚಿಗಳಲ್ಲಿ ಒಂದು ಹೊಸದು, ಕಾಲಲ್ಲಿ ಒತ್ತಿದರೆ ಮೇಲೇಳುವಂಥದ್ದು. ಅದನ್ನು ಮಾರಿಬಿಡೋಣ ಅಂತ ಮಲ್ಲತ್ತಹಳ್ಳಿಯವನೊಬ್ಬನ ಹತ್ತಿರ ಮಾತಾಡಿ ಆಗಿತ್ತು, ಅವನು ಟೆಂಪೋ ತರುವುದೊಂದೇ ಬಾಕಿ. ಅಷ್ಟರಲ್ಲಿ ಟಿವಿಯಲ್ಲಿ ಬಂತು: ಕ್ಷೌರಿಕರಿಗೂ ಅಗಸರಿಗೂ ಸರ್ಕಾರದಿಂದ ಐದು ಸಾವಿರ. ಟೆಂಪೋದವನಿಗೆ ಸ್ವಲ್ಪ ತಡಿಯಪ್ಪಾ ಅಂದೆ. ಅರ್ಜಿ ಪಾಸಾದರೆ ಕುರ್ಚಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

೧. ಓನರ್ ಸಾಹೇಬರ ಹೊಸ ಕಸುಬು

ಸುದ್ದಿ ಬಂದ ಮರುದಿನವೇ ಬಿಲ್ಡಿಂಗ್ ಓನರ್ ಮಹಡಿಯಿಂದ ಇಳಿದು ಬಂದರು. ನನ್ನ ಅಂಗಡಿಯ ಕೂದಲಿನಿಂದ ಅವರ ಮೋರಿ ಕಟ್ಟಿಕೊಳ್ಳುತ್ತದೆ ಅಂತ ಇಪ್ಪತ್ತೆರಡು ವರ್ಷದಿಂದ ಗೊಣಗುತ್ತಿದ್ದ ಮನುಷ್ಯ. ಅವತ್ತು ಮಾಸ್ಕಿನೊಳಗೇ ನಗುತ್ತಾ, ಎರಡನೇ ಕುರ್ಚಿಯ ಕೆಲಸಗಾರ ಅಂತ ತಮ್ಮ ಹೆಸರಲ್ಲೂ ಒಂದು ಅರ್ಜಿ ಹಾಕಬಹುದಾ ಅಂತ ಕೇಳಿದರು. ಜಾಗ ಅವರದ್ದಂತೆ, ಆದ್ದರಿಂದ ಅರ್ಧ ಕಸುಬೂ ಅವರದ್ದಂತೆ.

ನಾನು ತಕ್ಷಣ ಒಪ್ಪಿದೆ. ಆದರೆ ಆಫೀಸರು ಪರೀಕ್ಷೆ ಮಾಡಿದರೂ ಮಾಡಬಹುದು, ಸ್ವಲ್ಪ ಅಭ್ಯಾಸ ಇರಲಿ ಅಂತ ರೇಜರ್ ಅವರ ಕೈಗೆ ಕೊಟ್ಟು, ಮನೆಯಲ್ಲಿ ಯಾರದ್ದಾದರೂ ಗಡ್ಡ ಸಿಗುತ್ತದಾ ಅಂತ ಕೇಳಿದೆ. ಅವರ ದೊಡ್ಡ ಮಗ ಎದೆಯುದ್ದ ಗಡ್ಡ ಬಿಟ್ಟುಕೊಂಡು ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ.

"ಅಪ್ಪಾ, ಆ ಐದು ಸಾವಿರ ನಾನೇ ಕೊಡ್ತೀನಿ, ಮೇಲೆ ಬನ್ನಿ" ಅಂದ.

೨. ಕನ್ನಡಿಯೊಳಗಿನ ಪೊಲೀಸರು

ಅರ್ಜಿ ತುಂಬುವ ಸೈಬರ್ ಸೆಂಟರಿನವನು, ಅಂಗಡಿಯೊಳಗೆ ಕತ್ತರಿ ಹಿಡಿದು ನಿಂತ ಫೋಟೋ ಬೇಕು ಅಂದ. ಅಂಗಡಿ ತೆಗೆಯಬಾರದು ಅನ್ನುವುದೂ ಸರ್ಕಾರ, ಅಂಗಡಿಯಲ್ಲಿ ಫೋಟೋ ತೆಗೆಸು ಅನ್ನುವುದೂ ಸರ್ಕಾರ. ನಾನು ಶಟರನ್ನು ಮೊಣಕಾಲೆತ್ತರ ಎತ್ತಿ ತೆವಳಿಕೊಂಡು ಒಳಗೆ ಹೋದೆ. ಎರಡು ನಿಮಿಷ ಆಗಿರಲಿಲ್ಲ, ಶಟರಿಗೆ ಲಾಠಿ ಬಡಿಯಿತು. ಬೀಟಿಗೆ ಬಂದ ಪೊಲೀಸರೊಬ್ಬರು. ಹೊಟ್ಟೆ ಒಳಗೆಳೆದುಕೊಂಡು ಅವರೂ ತೆವಳಿ ಬಂದರು.

ಕೈಮುಗಿದು ವಿಷಯ ಹೇಳಿದೆ. ಒಳ್ಳೇ ಮನುಷ್ಯ, ಬೈಯುವುದನ್ನು ಅರ್ಧಕ್ಕೇ ನಿಲ್ಲಿಸಿ ನನ್ನ ಮೊಬೈಲ್ ಇಸ್ಕೊಂಡು ತಾವೇ ಫೋಟೋ ತೆಗೆದುಕೊಟ್ಟರು. ನಾನು ಮದುಮಗನ ಹಾಗೆ ನೆಟ್ಟಗೆ ನಿಂತಿದ್ದೆ. ಸೈಬರಿನಲ್ಲಿ ದೊಡ್ಡದು ಮಾಡಿ ನೋಡಿದರೆ, ನನ್ನ ಬೆನ್ನ ಹಿಂದಿನ ಕನ್ನಡಿಯಲ್ಲಿ ಲಾಠಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ ಪೊಲೀಸರು ಟೋಪಿ ಸಮೇತ ಕಾಣುತ್ತಿದ್ದಾರೆ.

ಸೈಬರಿನವನು ಫೋಟೋ ನೋಡಿದ, ನನ್ನನ್ನು ನೋಡಿದ. "ಅಣ್ಣ, ಇದು ಅರ್ಜಿಗಾ, ಇಲ್ಲಾ ಕೇಸಿಗಾ?"

೩. ಬಾಮೈದನ ಓಟಿಪಿ

ಮುಂದಿನ ಹೆಜ್ಜೆ ಓಟಿಪಿ. ಆಧಾರ್ ಮಾಡಿಸುವಾಗ ನನ್ನ ಹತ್ತಿರ ಫೋನ್ ಇರಲಿಲ್ಲ, ಕೆಂಗೇರಿಯಲ್ಲಿರುವ ಬಾಮೈದನ ನಂಬರು ಕೊಟ್ಟಿದ್ದೆ. ಆಮೇಲೆ ಅವನ ಮಗುವಿನ ನಾಮಕರಣದಲ್ಲಿ ಹೋಳಿಗೆ ಗಟ್ಟಿಯಾಗಿದೆ ಅಂತ ನಾನು ಪಂಕ್ತಿಯಲ್ಲೇ ಅಂದುಬಿಟ್ಟೆ. ಅವತ್ತಿನಿಂದ ನಾಲ್ಕು ವರ್ಷ ನಮ್ಮಿಬ್ಬರಿಗೆ ಮಾತಿಲ್ಲ. ಈಗ ನನ್ನ ಓಟಿಪಿ ಹೋಗಿ ಅವನ ಜೇಬಿನಲ್ಲಿ ಕೂತಿದೆ, ಹತ್ತು ನಿಮಿಷ ಮಾತ್ರ ಬದುಕಿರುತ್ತದೆ.

ಫೋನ್ ಮಾಡಿದೆ. ನಂಬರು ಹೇಳುವ ಬದಲು ಅವನು ನಾಮಕರಣದಿಂದ ಶುರು ಮಾಡಿದ. ಮೊದಲ ಓಟಿಪಿ ಬೈಗುಳದಲ್ಲಿ ಹೋಯಿತು. ಎರಡನೆಯದು ಅವನ ಹೆಂಡತಿ ಫೋನ್ ಕಿತ್ತುಕೊಂಡು ಅತ್ತದ್ದರಲ್ಲಿ ಹೋಯಿತು. ಮೂರನೇ ಸಲ ನಾನು ಬುದ್ಧಿ ಉಪಯೋಗಿಸಿ, ಮೊದಲು ಪೂರ್ತಿ ಬೈಸಿಕೊಂಡು, ಅವನು ಸುಸ್ತಾದ ಮೇಲೆ ಸೈಬರಿನವನಿಂದ ಬಟನ್ ಒತ್ತಿಸಿದೆ. ಅವನು ನಾಲ್ಕು ಅಂಕಿ ಹೇಳಿ ನಿಲ್ಲಿಸಿಬಿಟ್ಟ.

"ಭಾವ, ಈಗ ಹೇಳಿ, ಹೋಳಿಗೆ ಹೇಗಿತ್ತು?"

"ಮೆತ್ತಗಿತ್ತು ಕಣೋ, ಬಾಯಲ್ಲಿಟ್ರೆ ಕರಗ್ತಿತ್ತು. ಮಿಕ್ಕ ಎರಡು ಹೇಳಪ್ಪ."

೪. ಆಫೀಸರ ಹಿಂದಲೆ

ಕೊನೆಗೆ ಉಳಿದದ್ದು ಸರ್ಟಿಫಿಕೇಟು. ಈತ ನಿಜವಾಗಿ ಕ್ಷೌರಿಕ, ಅಂಗಡಿ ಮುಚ್ಚಿ ಕೆಲಸವಿಲ್ಲದೆ ಇದ್ದಾನೆ ಅಂತ ವಾರ್ಡ್ ಆಫೀಸಿನಲ್ಲಿ ಸಹಿ ಹಾಕಿಸಬೇಕು. ನಾನು ಹೋದದ್ದು ಅರ್ಜಿಯ ಕೊನೇ ದಿನ. ನನ್ನ ಲೈಸೆನ್ಸು ಮಾರ್ಚಿಗೇ ಮುಗಿದಿತ್ತು, ಹೊಸದು ಮಾಡಿಸಲು ಯಾವ ಕೌಂಟರೂ ತೆಗೆದಿರಲಿಲ್ಲ. ಆಫೀಸರು ಅದನ್ನು ನೋಡಿ ಪಕ್ಕಕ್ಕಿಟ್ಟರು. ಬೆಳಗ್ಗೆಯಿಂದ ಸುಳ್ಳು ಕ್ಷೌರಿಕರನ್ನು ನೋಡಿ ನೋಡಿ ಅವರಿಗೂ ತಲೆ ಕೆಟ್ಟಿತ್ತು. ಫೋಟೋ ತೋರಿಸಿದೆ.

"ಕತ್ತರಿ ಹಿಡ್ಕೊಂಡು ಯಾರು ಬೇಕಾದ್ರೂ ನಿಲ್ಬಹುದು ಕಣ್ರೀ. ಕತ್ತರಿ ನಮ್ಮನೇಲೂ ಇದೆ" ಅಂದು, ಊಟದ ಡಬ್ಬಿ ತೆಗೆಯಲು ಕೆಳಗಿನ ಡ್ರಾಯರಿಗೆ ಬಗ್ಗಿದರು.

ನನಗೆ ಅಳು ಬರುವಂತಾಯಿತು. ಇಪ್ಪತ್ತೆರಡು ವರ್ಷ ಈ ಏರಿಯಾದ ಅರ್ಧ ತಲೆಗಳಿಗೆ ಕತ್ತರಿ ಆಡಿಸಿದವನು ಕ್ಷೌರಿಕ ಅಂತ ಒಂದು ಕಾಗದವೂ ಹೇಳುವುದಿಲ್ಲವಲ್ಲ. ಟೆಂಪೋದಲ್ಲಿ ಕುರ್ಚಿ ಹೋಗುತ್ತಿರುವುದು ಕಣ್ಣೆದುರೇ ಬಂತು. ಆಗಲೇ ಅವರ ಹಿಂದಲೆ ಕಂಡಿತು. ತಡೆಯಲಾಗಲಿಲ್ಲ.

"ಸಾರ್, ನಿಮ್ಮನೆ ಕತ್ತರಿ ಹಾಲಿನ ಪ್ಯಾಕೆಟ್ ಕತ್ತರಿಸೋದಲ್ವಾ?"

ಬಗ್ಗಿದ ತಲೆ ಹಾಗೇ ನಿಂತಿತು.

"ನಿಮ್ಮ ಮನೆಯವರು ಬಲಗಿವಿ ಕಡೆಯಿಂದ ಶುರು ಮಾಡಿದಾರೆ. ಅಲ್ಲಿ ಬಹಳ ಪ್ರೀತಿಯಿಂದ, ಒಂದೊಂದೇ ಕೂದಲು ಹಿಡಿದು ಕತ್ತರಿಸಿದಾರೆ. ಹಿಂದಕ್ಕೆ ಬರೋ ಹೊತ್ತಿಗೆ ನೀವು ಏನೋ ಅಂದಿದೀರಿ. ಅಲ್ಲಿಂದ ಎಡಗಿವಿವರೆಗೂ ಬರೀ ಸಿಟ್ಟು ಸಾರ್."

ಬಾಗಿಲ ಹತ್ತಿರದ ಪ್ಯೂನ್ ಕೆಮ್ಮಿದಂತೆ ಮಾಡಿ ಹೊರಗೆ ಹೋದ. ಆಫೀಸರು ನಿಧಾನವಾಗಿ ಎದ್ದು, ಎಡಗೈಯಲ್ಲಿ ಹಿಂದಲೆ ಮುಟ್ಟಿಕೊಂಡರು.

"ಹುಳೀಗೆ ಉಪ್ಪು ಕಮ್ಮಿ ಅಂದೆ ಕಣ್ರೀ, ಅಷ್ಟೇ" ಅಂದರು.

ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಸಹಿ ಹಾಕಿ ಟಪ್ಪಂತ ಸೀಲು ಒತ್ತಿದರು. ದುಡ್ಡು ತಡವಾಗಿಯಾದರೂ ಬಂತು, ಕುರ್ಚಿ ಉಳಿಯಿತು, ಅದು ಆಮೇಲಿನ ಮಾತು. ಆಗ ನಾನು ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೊರಡುವವನಿದ್ದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ, ಮಾಸ್ಕ್ ಕೆಳಗಿಳಿಸಿ, ಮೆಲ್ಲಗೆ ಕೇಳಿದರು.

"ನೋಡಿ, ಇದನ್ನ ಸರಿ ಮಾಡೋಕಾಗುತ್ತಾ?"

"ಹತ್ತು ನಿಮಿಷದ ಕೆಲಸ ಸಾರ್. ಆದ್ರೆ ನಾನು ಎಲ್ಲೂ ಕೆಲಸ ಮಾಡ್ತಾ ಇಲ್ಲ ಅಂತ ಈಗತಾನೇ ನೀವೇ ಸೀಲ್ ಹೊಡೆದಿದೀರಲ್ಲ."