ಟಿಕೆಟ್ ದರ ನುಡಿಯುವ ಗೂಬೆಯವರಿಗೆ ಸೇತುವೆ ಕಾಯುವವನ ಅಹವಾಲು

ಗೆ:
ಶ್ರೀಮಾನ್ ಗೂಬೆಯವರು,
ವಿಮಾನ ದರ ಭವಿಷ್ಯ ವಿಭಾಗ,
ನನ್ನ ಮೊಬೈಲಿನ ಎಡಮೂಲೆ.

ವಿಷಯ: ಜನವರಿಯಿಂದ ಜೂನ್‌ವರೆಗೆ ತಾವು ಕಣ್ಣು ಮುಚ್ಚಿಕೊಂಡೇ ಇದ್ದುದರ ಬಗ್ಗೆ ವಿನಮ್ರ ದೂರು.

ಮಾನ್ಯರೇ,

ಇಲ್ಲಿ ನಾನು, ನನ್ನ ಸೇತುವೆ ಮತ್ತು ನನ್ನ ರಕ್ತದೊತ್ತಡ, ಮೂವರೂ ಮೇಲೇರಿ ಕೆಳಗಿಳಿದು ಸದ್ಯಕ್ಕೆ ಕ್ಷೇಮ. ತಾವು ಕೊಂಬೆಯ ಮೇಲೆ ರೆಕ್ಕೆ ಮಡಚಿ ಸುಖನಿದ್ರೆಯಲ್ಲಿದ್ದೀರಿ ಎಂಬುದನ್ನು ಈಗಷ್ಟೇ ನೋಡಿ ಖಾತ್ರಿ ಮಾಡಿಕೊಂಡೆ. ಗ್ರೋನಿಂಗನ್ ಸೀಮೆಯ ಕಾಲುವೆಯೊಂದರ ಮೇಲೆ ದೋಣಿ ಬಂದಾಗ ಸೇತುವೆ ಎತ್ತಿ, ದೋಣಿ ಹೋದಾಗ ಇಳಿಸಿ, ಇಪ್ಪತ್ತಮೂರು ವರ್ಷಗಳಿಂದ ಇದೇ ಕೆಲಸದಲ್ಲಿ ಕೂದಲು ಬಿಳಿ ಮಾಡಿಕೊಂಡ ಎಪ್ಪೋ ಡೈಕೆಮಾ ಎಂಬ ನಾನು ತಮ್ಮ ಪರಮಭಕ್ತ. ಸೈಕಲ್ಲಿನವರನ್ನೂ ಟ್ರ್ಯಾಕ್ಟರಿನವರನ್ನೂ ದಿನಕ್ಕೆ ಮೂವತ್ತು ಸಲ ಕಾಯಿಸುವವನು ನಾನು. ಅಂಥ ನನ್ನನ್ನೇ ಐದು ತಿಂಗಳು ಕಾಯಿಸಿದ ತಮ್ಮ ಪ್ರತಿಭೆಗೆ ಮೊದಲಿಗೆ ಒಂದು ಸಲಾಮು ಹೊಡೆದು ಮುಂದುವರಿಯುತ್ತೇನೆ.

ತಮಗೆ ಊರುಗಳು ಗೊತ್ತು, ದರಗಳು ಗೊತ್ತು, ಆದರೆ ಜನ ಯಾಕೆ ಹೋಗುತ್ತಾರೆಂದು ಗೊತ್ತಿರಲಾರದು, ಆದ್ದರಿಂದ ಹೇಳುತ್ತೇನೆ. ನನ್ನ ಹೆಂಡತಿ ಅಲೀಡಾಳ ಅಕ್ಕ ಫೆನ್ನಾ, ಹನ್ನೊಂದು ವರ್ಷದ ಹಿಂದೆ ಕೆನಡಾದ ಸಮುದ್ರತೀರಕ್ಕೆ ಹೋಗಿ ನೆಲೆಸಿದವಳು, ತನ್ನ ಐವತ್ತೆಂಟನೆಯ ವಯಸ್ಸಿನಲ್ಲಿ ಮೊಟ್ಟಮೊದಲ ಸಲ ಮದುವೆಯಾಗುತ್ತಿದ್ದಾಳೆ. ವರ ಡಂಕನ್ ಎಂಬ ಮೀನುಗಾರ. ಮದುವೆಯ ದಿನ ತಂದೆಯ ಜಾಗದಲ್ಲಿ ನಿಂತು ಅವಳ ಕೈ ಹಿಡಿದು ಚರ್ಚಿನೊಳಗೆ ಕರೆದೊಯ್ಯಲು ಸ್ವಂತ ತಮ್ಮ ರೂಲೋಫ್ ಇದ್ದರೂ ಅವಳು ಕೇಳಿದ್ದು ನನ್ನನ್ನು. ಜನವರಿಯಲ್ಲಿ ಫೋನ್ ಮಾಡಿ ಅವಳು ಹೇಳಿದ ಮಾತು ಇದು: "ರೂಲೋಫ್ ದಾಪುಗಾಲು ಹಾಕ್ತಾನೆ ಎಪ್ಪೋ, ನನ್ನ ಎಳ್ಕೊಂಡೇ ಹೋಗ್ಬಿಡ್ತಾನೆ. ನಿನ್ನಷ್ಟು ನಿಧಾನದ ಮನುಷ್ಯನ್ನ ನಾನು ಈ ಜನ್ಮದಲ್ಲೇ ನೋಡಿಲ್ಲ. ನೀನೇ ಬರ್ಬೇಕು." ನನ್ನ ನಿಧಾನವನ್ನು ಒಬ್ಬರು ಹೊಗಳಿದ್ದು ಅದೇ ಮೊದಲು. ಫೋನ್ ಇಟ್ಟ ಮೇಲೆ ನಾನು ಸ್ವಲ್ಪ ಅತ್ತೆ ಎಂಬುದನ್ನು ಗೂಬೆಯೆದುರು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಅದೇ ಫೋನಿನಲ್ಲಿ ಅವಳು "ಅಲೀಡಾಳ ಶಾಲೆಗೆ ಬೇಸಿಗೆ ರಜೆ ಯಾವತ್ತು ಶುರು?" ಎಂದು ಕೇಳಿದ್ದಳು. ಅಲೀಡಾ ಆರು ವರ್ಷದ ಮಕ್ಕಳಿಗೆ ಓದು ಕಲಿಸುವ ಟೀಚರು; ರಜೆಗೆ ಒಂದು ದಿನ ಮುಂಚೆಯೂ ಹೊರಡುವಂತಿಲ್ಲ. ಅವಳು ಆಗ ಮನೆಯಲ್ಲಿರಲಿಲ್ಲ. ನಾನು ಫೋನ್ ಕಿವಿಗಿಟ್ಟುಕೊಂಡೇ ಶೌಚಾಲಯಕ್ಕೆ ಓಡಿ, ಈ ದೇಶದಲ್ಲಿ ಎಲ್ಲರ ಮನೆಯಲ್ಲಿ ತೂಗುವಂತೆ ನಮ್ಮ ಮನೆಯಲ್ಲೂ ಅಲ್ಲಿ ತೂಗುವ ಹುಟ್ಟುಹಬ್ಬದ ಕ್ಯಾಲೆಂಡರಿನಲ್ಲಿ ಜುಲೈ ತೆಗೆದು, ನನ್ನದೇ ಅಕ್ಷರದಲ್ಲಿ "ರಜೆ ಶುರು" ಎಂದಿದ್ದ ನಾಲ್ಕನೆಯ ತಾರೀಕನ್ನು ಓದಿ ಹೇಳಿದೆ. "ಹಾಗಾದ್ರೆ ಹನ್ನೊಂದಕ್ಕೆ ಮದುವೆ" ಎಂದಳು ಫೆನ್ನಾ. ಎಂಟನೆಯ ತಾರೀಕಿನ ವಿಮಾನ ಹಿಡಿಯುವುದೆಂದು ನಿರ್ಧರಿಸಿ ಆ ದಿನವೇ ತಮ್ಮ ಆ್ಯಪನ್ನು ಮೊಬೈಲಿಗೆ ಇಳಿಸಿಕೊಂಡು ನಾನು ತಮ್ಮ ಪಾದಕ್ಕೆ ಬಿದ್ದೆ.

ಆಗ ತಾವು ಕಣ್ಣು ಮುಚ್ಚಿದ್ದಿರಿ. ಕಣ್ಣು ಮುಚ್ಚಿದ್ದರೆ ‘ಕಾಯಿರಿ’, ತೆರೆದರೆ ‘ಕೊಳ್ಳಿರಿ’ ಎಂಬ ತಮ್ಮ ಶಾಸ್ತ್ರ ನನಗೆ ಬಹಳ ಹಿಡಿಸಿತು, ಏಕೆಂದರೆ ಅದು ನಮ್ಮ ಸೇತುವೆಯ ಕೆಂಪು ಹಸಿರು ದೀಪದಷ್ಟೇ ಸರಳ. ಐನೂರ ತೊಂಬತ್ತು ಯೂರೋ ಇದ್ದದ್ದು ಫೆಬ್ರವರಿಯಲ್ಲಿ ಐನೂರ ಅರವತ್ತಕ್ಕೆ ಇಳಿದಾಗ ನಾನು ಕಾಲುವೆಯ ಬಾತುಕೋಳಿಗಳಿಗೆ ಒಂದು ಇಡೀ ಬ್ರೆಡ್ಡು ಹಾಕಿ ಸಂಭ್ರಮಿಸಿದೆ. ತಾವು ಆಗಲೂ ಕಣ್ಣು ತೆರೆಯಲಿಲ್ಲ. ಮಾರ್ಚಿನಲ್ಲಿ ಇನ್ನೂ ಹತ್ತು ಯೂರೋ ಇಳಿಯಿತು, ಆಗಲೂ ಇಲ್ಲ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಹಾಗೆ ಎಂಬ ಗಾದೆಯನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದ ಪಕ್ಷಿಯನ್ನು ನಾನು ಬೇರೆ ಕಂಡಿಲ್ಲ.

ಕೊಂಡುಬಿಡಬಹುದಿತ್ತಲ್ಲ ಎಂದು ತಾವು ಕೇಳಬಹುದು. ಇಲ್ಲಿಯ ಹುಟ್ಟುಹಬ್ಬಕ್ಕೆ ತಾವು ಒಮ್ಮೆಯೂ ಬಂದಿಲ್ಲವಾದ್ದರಿಂದ ಹಾಗೆ ಕೇಳುತ್ತೀರಿ. ಕುರ್ಚಿಗಳನ್ನು ಸುತ್ತಲೂ ಗೋಡೆಗೆ ಒತ್ತರಿಸಿ, ಎಲ್ಲರೂ ಎಲ್ಲರಿಗೂ ಶುಭಾಶಯ ಹೇಳಿ, ಒಂದು ತುಂಡು ಕೇಕು ತಿಂದು, ಚೀಸಿನ ಚೌಕಗಳು ಬರುವ ಹೊತ್ತಿಗೆ ಯಾರು ಯಾವುದನ್ನು ಎಷ್ಟು ಅಗ್ಗಕ್ಕೆ ಕೊಂಡರು ಎಂಬ ವಿಚಾರಣೆ ಶುರುವಾಗುತ್ತದೆ. ಹೆಚ್ಚು ಕೊಟ್ಟವನನ್ನು ಯಾರೂ ಬಯ್ಯುವುದಿಲ್ಲ, "ಹೌದಾ?" ಎನ್ನುತ್ತಾರೆ, ಅಷ್ಟೇ. ಆ ‘ಹೌದಾ’ವನ್ನು ನನ್ನ ಭಾವಮೈದ ರೂಲೋಫನ ಬಾಯಿಂದ ಕೇಳುವುದಕ್ಕಿಂತ ಕಾಲುವೆಗೆ ಹಾರುವುದು ಲೇಸು. ಹೋದ ವರ್ಷ ಅವನು ಪೋರ್ಚುಗಲ್ಲಿಗೆ ಎಷ್ಟು ಕಮ್ಮಿಗೆ ಹೋಗಿಬಂದನೆಂದರೆ ವಿಮಾನದವರೇ ಅವನಿಗೆ ಎದುರು ದುಡ್ಡು ಕೊಟ್ಟರೇನೋ ಎಂದು ನಮಗೆಲ್ಲ ಗುಮಾನಿ.

ಏಪ್ರಿಲಿನಲ್ಲಿ ಅವನ ಹುಟ್ಟುಹಬ್ಬ ಬಂತು. ಇಪ್ಪತ್ತೊಂದು ಕುರ್ಚಿಗಳ ನಡುವೆ ಕುಳಿತು ನಾನು ತಮ್ಮ ಮಹಿಮೆಯನ್ನು ಹಾಡಿ ಹೊಗಳಿದೆ. ತಮ್ಮ ಚಿತ್ರವನ್ನೂ ತೋರಿಸಿದೆ. ಎಂಟನೆಯ ತಾರೀಕಿನ ಟಿಕೆಟ್ಟು ಇನ್ನೇನು ಐನೂರರೊಳಗೆ ಬಂದು ಬೀಳುತ್ತದೆ, ತಾಳಿದವನು ಬಾಳಿಯಾನು ಎಂದೆಲ್ಲ ಭಾಷಣ ಮಾಡಿದೆ. ಆಗ ಅಲೀಡಾ ಕೇಕಿನ ತಟ್ಟೆಯನ್ನು ತೊಡೆಯ ಮೇಲಿಟ್ಟು, ತರಗತಿಯಲ್ಲಿ ಅಕ್ಷರ ತಪ್ಪಿದ ಮಗುವಿನೊಡನೆ ಮಾತಾಡುವ ದನಿಯಲ್ಲಿ ಹೇಳಿದಳು:

"ಎಪ್ಪೋ, ರಜೆ ಶುರುವಾಗೋದು ಹದಿನೆಂಟಕ್ಕೆ. ನೀನು ಓದಿದ್ದು ಹೋದ ವರ್ಷದ್ದು. ಮದುವೇನ ಇಪ್ಪತ್ತೈದಕ್ಕೆ ಹಾಕ್ಸಿದೀನಿ. ನನ್ನ ಟಿಕೆಟ್ಟು ಜನವರೀಲೇ ತಗೊಂಡೆ, ಇಪ್ಪತ್ತನೇ ತಾರೀಕಿಂದು. ಊಟಕ್ಕೆ ಕೂತಾಗ ಎರಡ್ ಸಲ ಹೇಳ್ದೆ. ನೀನು ‘ಹ್ಞೂಂ’ ಅಂದೆ. ವಾರ ವಾರ ‘ನಿಂದು ತಗೊಂಡ್ಯಾ?’ ಅಂತ ಕೇಳ್ತಾ ಇದ್ದದ್ದು ಏನಂತ ತಿಳ್ಕೊಂಡಿದ್ದೆ?"

ಮಾನ್ಯರೇ, ಹುಟ್ಟುಹಬ್ಬದ ಕ್ಯಾಲೆಂಡರಿಗೆ ಇಸವಿ ಇರುವುದಿಲ್ಲ. ಹುಟ್ಟಿದ ದಿನ ವರ್ಷ ವರ್ಷ ಬದಲಾಗುವುದಿಲ್ಲವಾದ್ದರಿಂದ ಅದನ್ನು ಒಮ್ಮೆ ತೂಗುಹಾಕಿದರೆ ಸಾಯುವ ತನಕ ಸಾಕು. ಶಾಲೆಯ ರಜೆಯಾದರೋ, ದೇಶವನ್ನು ಉತ್ತರ ನಡು ದಕ್ಷಿಣ ಎಂದು ಮೂರು ಪಾಲು ಮಾಡಿ ಸರದಿಯ ಮೇಲೆ ಹಂಚುವುದರಿಂದ ಪ್ರತಿವರ್ಷ ಜಾಗ ಬದಲಾಯಿಸುತ್ತದೆ. ಹೀಗೆ ಬದಲಾಗುವುದನ್ನು ಬದಲಾಗದ್ದರ ಮೇಲೆ ಬರೆದಿಟ್ಟ ಜಾಣ ನಾನು. ಮನೆಗೆ ಹೋಗಿ ನೋಡಿದರೆ ನನ್ನ ಬರಹದ ಕೆಳಗೆ ಅಲೀಡಾ ಹದಿನೆಂಟನೆಯ ತಾರೀಕಿನ ಎದುರು ಕೆಂಪು ಶಾಯಿಯಲ್ಲಿ ದಪ್ಪಗೆ "ಈ ವರ್ಷದ ರಜೆ ಇದು, ಎಪ್ಪೋ" ಎಂದು ಬರೆದು, ಹಾಳೆಯನ್ನು ಜುಲೈಗೇ ತಿರುವಿ ಇಟ್ಟಿದ್ದಳು. ಮೂರು ತಿಂಗಳು ದಿನಾ ಅದರ ಎದುರಿಗೇ ಕುಳಿತಿದ್ದೆ. ಆದರೆ ಅಷ್ಟೂ ಹೊತ್ತು ನನ್ನ ಕಣ್ಣು ತಮ್ಮ ಮುಚ್ಚಿದ ಕಣ್ಣುಗಳ ಮೇಲಿತ್ತು.

ಅಲೀಡಾ ಮಾತು ಮುಗಿಸಿದ್ದೇ ರೂಲೋಫ್ "ಹೌದಾ?" ಎಂದಿದ್ದ. ನನ್ನ ಕಡೆ ತಿರುಗಿ ಒಮ್ಮೆ, ತಮ್ಮ ಚಿತ್ರದ ಕಡೆ ತಿರುಗಿ ಇನ್ನೊಮ್ಮೆ.

ನನ್ನ ತಪ್ಪಿಗೆ ತಮ್ಮನ್ನು ದೂರುವುದಿಲ್ಲ. ಗೂಬೆಯ ಮೇಲೇ ಗೂಬೆ ಕೂರಿಸುವಷ್ಟು ಕೃತಘ್ನ ನಾನಲ್ಲ. ಮರುದಿನವೇ ತಾರೀಕು ಸರಿಪಡಿಸಿ, ಅಲೀಡಾ ಹತ್ತಲಿರುವ ವಿಮಾನವನ್ನೇ ತಮ್ಮೆದುರು ಇಟ್ಟೆ. ಜನವರಿಯಲ್ಲಿ ಅವಳು ಆರುನೂರಕ್ಕೆ ಕೊಂಡದ್ದು ಈಗ ಒಂಬೈನೂರು. ತಾವು ಕಣ್ಣು ಮುಚ್ಚಿದಿರಿ, ಕೆಳಗೆ "ದರ ಇಳಿಯುತ್ತದೆ, ನೂರಕ್ಕೆ ಎಂಬತ್ತಮೂರು ಪಾಲು ಭರವಸೆ" ಎಂದು ಅಕ್ಷರ ಮೂಡಿತು. ಮೂರ್ಖನೆನಿಸಿಕೊಂಡ ಮೇಲೆ ಕಡೇಪಕ್ಷ ಅಗ್ಗದ ಮೂರ್ಖನಾದರೂ ಆಗಬೇಡವೇ? ಕಾದೆ. ಮೇ ಮುಗಿಯಿತು, ದರ ಸಾವಿರ ದಾಟಿತು, ತಮ್ಮ ಭರವಸೆ ಮಾತ್ರ ಎಂಬತ್ತಮೂರರಿಂದ ಕದಲಲಿಲ್ಲ. ಮನೆ ಹೊತ್ತಿ ಉರಿಯುವಾಗಲೂ ಇಷ್ಟು ನೆಮ್ಮದಿಯಿಂದ ಕೂರಬಲ್ಲವರು ಸಂಸಾರಸ್ಥರಲ್ಲಂತೂ ಸಿಗುವುದಿಲ್ಲ. ಅಲೀಡಾ ಪೆಟ್ಟಿಗೆ ಇಳಿಸಿ ಬಟ್ಟೆ ಜೋಡಿಸತೊಡಗಿದಳು, ಒಬ್ಬಳದೇ. "ನಾನಂತೂ ಹೋಗ್ತೀನಪ್ಪ" ಎಂದಳು. "ಫೆನ್ನಾಳ ಕೈ ಹಿಡಿಯೋಕೆ ನಿನ್ ಗೂಬೇನ ಕಳ್ಸು."

ಆ ರಾತ್ರಿಯಿಂದ ನನಗೆ ಹೆದರಿಕೆ ಹತ್ತಿತು. ದುಡ್ಡಿಗಲ್ಲ. ಚರ್ಚಿನ ಬಾಗಿಲಲ್ಲಿ ಫೆನ್ನಾ ತೋಳು ಚಾಚಿ ನಿಂತಿದ್ದಾಳೆ, ಪಕ್ಕದಲ್ಲಿ ಯಾರೂ ಇಲ್ಲ ಎಂಬ ಚಿತ್ರ ಸೇತುವೆ ಎತ್ತುವಾಗಲೂ ಇಳಿಸುವಾಗಲೂ ಕಣ್ಣ ಮುಂದೆ ಬರುತ್ತಿತ್ತು. ಆದರೂ ಬೆರಳು ‘ಕೊಳ್ಳಿರಿ’ ಗುಂಡಿಯ ಮೇಲೆ ಹೋದಾಗಲೆಲ್ಲ ನಾಳೆ ಇಳಿದರೆ ಎಂಬ ಒಂದು ಯೋಚನೆ ಬಂದು ಕೈ ಹಿಡಿಯುತ್ತಿತ್ತು.

ಜೂನ್ ಒಂಬತ್ತು, ಮಂಗಳವಾರ, ಮಧ್ಯಾಹ್ನ ಮೂರೂ ಕಾಲು. ಒಂದು ಹಾಯಿದೋಣಿಗಾಗಿ ಸೇತುವೆ ಎತ್ತಿದ್ದೆ. ದೋಣಿ ನಿಧಾನಕ್ಕೆ ಬರುತ್ತಿತ್ತು. ನಾನು ಸೇತುವೆಯ ಕಾವಲುಗೂಡಿನಲ್ಲಿ ಕುಳಿತು ತಮ್ಮ ದರ್ಶನ ಪಡೆದೆ. "ಈ ವಿಮಾನದಲ್ಲಿ ಉಳಿದಿರುವುದು ಒಂದೇ ಸೀಟು" ಎಂದು ಕೆಂಪು ಅಕ್ಷರ. ತಾವು ಯಥಾಪ್ರಕಾರ ನಿದ್ರೆ. ಹಾಗೇ ಕೂತುಬಿಟ್ಟೆ, ಮಾನ್ಯರೇ. ದೋಣಿ ದಾಟಿ ಹೋಯಿತು, ಸೇತುವೆ ಆಕಾಶಕ್ಕೆ ಮುಖ ಮಾಡಿ ನಿಂತೇ ಇತ್ತು, ಗೇಟಿನ ಹಿಂದೆ ಹದಿನೈದು ಸೈಕಲ್ಲು, ಅಂಚೆಯ ಹೆಂಗಸು, ಗೊಬ್ಬರದ ಟ್ರ್ಯಾಕ್ಟರೊಂದು ಸಾಲುಗಟ್ಟಿದವು. ಸಾಲಿನ ಮೊದಲಲ್ಲಿ, ಶಾಲೆ ಬಿಟ್ಟು ಬರುತ್ತಿದ್ದ ಅಲೀಡಾ.

"ಎಪ್ಪೋ! ಇಳ್ಸೋ!"

"ಒಂದೇ ಸೀಟು ಇದೆಯಂತೆ!" ಎಂದು ನಾನು ಕಿಟಕಿಯಿಂದ ಕೂಗಿದೆ.

"ಹಾಗಾದ್ರೆ ತಗೋ ಮಾರಾಯಾ!"

"ಗೂಬೆ ಕಾಯಿ ಅಂತಿದೆ!"

"ನಾವೂ ಕಾಯ್ತಾ ಇದೀವಲ್ಲಯ್ಯಾ!" ಎಂದು ಟ್ರ್ಯಾಕ್ಟರಿನವನು ಹಾರನ್ ಒತ್ತಿದ. ಅಂಚೆಯ ಹೆಂಗಸು ಎಲ್ಲಿಗೆ, ಯಾಕೆ ಎಂದು ಅಲೀಡಾಳನ್ನು ಕೇಳಿದಳು, ಅಲೀಡಾ ಹೇಳಿದಳು, ಸುದ್ದಿ ಸೈಕಲ್ಲಿನಿಂದ ಸೈಕಲ್ಲಿಗೆ ಹಿಂದಕ್ಕೆ ಹೋಯಿತು. ಅರೆ ನಿಮಿಷದಲ್ಲಿ ಇಡೀ ಸಾಲು "ತಗೋ! ತಗೋ!" ಎಂದು ಗಂಟೆ ಬಾರಿಸತೊಡಗಿತು. ದಾಟಿ ಹೋಗಿದ್ದ ದೋಣಿಯವನೂ ಏನೆಂದು ತಿಳಿಯದೆಯೇ ತುತ್ತೂರಿ ಊದಿದ.

ಒತ್ತಿದೆ. ಕಣ್ಣು ಮುಚ್ಚಿ ಒತ್ತಿದೆ, ಅದನ್ನು ತಮ್ಮಿಂದಲೇ ಕಲಿತದ್ದು. ಆಮೇಲೆ ನನಗೇನಾಯಿತೋ, ದೋಣಿಗಳಿಗೆ ಸೂಚನೆ ಕೊಡುವ ಧ್ವನಿವರ್ಧಕ ಹಾಕಿ, ಕಾಲುವೆಯ ಎರಡೂ ದಡಕ್ಕೆ ಕೇಳುವಂತೆ, "ಸಾವಿರದ ಇನ್ನೂರ ನಲವತ್ತು ಯೂರೋ!" ಎಂದು ಸಾರಿದೆ. ಇಷ್ಟು ದೊಡ್ಡ ದರವನ್ನು ಇಷ್ಟು ದೊಡ್ಡ ದನಿಯಲ್ಲಿ ಈ ಸೀಮೆಯಲ್ಲಿ ಯಾರೂ ಹೇಳಿದ್ದಿಲ್ಲ. ಗಂಟೆಗಳು ನಿಂತವು. ಟ್ರ್ಯಾಕ್ಟರಿನವನು ಟೋಪಿ ತೆಗೆದು ಎದೆಗಿಟ್ಟುಕೊಂಡ. ಮರುಕ್ಷಣ ಯಾರೋ ನಕ್ಕರು, ಎಲ್ಲರೂ ನಕ್ಕರು, ನಾನು ಸನ್ನೆಕೋಲು ಎಳೆದೆ, ಸೇತುವೆ ಇಳಿಯಿತು. ಅಲೀಡಾ ಗೂಡಿಗೆ ಹತ್ತಿ ಬಂದು ಎಲ್ಲರೆದುರು ನನ್ನ ಕೆನ್ನೆಗೆ ಮುತ್ತಿಟ್ಟಳು. ನಾನು ಅಷ್ಟು ಹಗುರಾಗಿದ್ದೆನೆಂದರೆ ವಿಮಾನವೇ ಬೇಕಾಗಿರಲಿಲ್ಲ.

ಹೀಗಿರುವುದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಕೆಲವೇ. ಐದು ತಿಂಗಳು ನನ್ನ ಜೇಬಿನಲ್ಲಿ ಬಾಡಿಗೆಯಿಲ್ಲದೆ ಮಲಗಿದ್ದಕ್ಕೆ ಪ್ರತಿಯಾಗಿ, ನಾನು ಊರಲ್ಲಿಲ್ಲದ ಮೂರು ವಾರ ದಯಮಾಡಿ ಸೇತುವೆಯ ಗೂಡಿನಲ್ಲಿ ಬಂದು ಕೂರಬೇಕು. ಗೊಬ್ಬರದ ಟ್ರ್ಯಾಕ್ಟರಿನವನಿಗೆ ಕಣ್ಣು ಮುಚ್ಚಿಕೊಂಡು ‘ಕಾಯಿರಿ’ ಎಂದು ಹೇಳಿ ನೋಡಬೇಕು, ಅವನ ಉತ್ತರ ಕೇಳಲು ನನಗೆ ಬಹಳ ಆಸೆಯಿದೆ. ಉಳಿದ ಹದಿನೇಳು ಪಾಲು ಭರವಸೆಯನ್ನು ತಾವು ಎಲ್ಲಿ ಬಚ್ಚಿಟ್ಟಿದ್ದೀರೋ ಅದನ್ನು ಡಂಕನ್ ಫೆನ್ನಾ ದಂಪತಿಗಳಿಗೆ ಮುಯ್ಯಿಯಾಗಿ ಕಳಿಸಿಕೊಡಬೇಕು. ಈ ವಯಸ್ಸಿನ ಮದುವೆಗೆ ಅಷ್ಟು ಧಾರಾಳ ಸಾಕು. ಮತ್ತು ಬಿಡುವಾದಾಗ ನಮ್ಮ ಶೌಚಾಲಯಕ್ಕೆ ಒಮ್ಮೆ ಬಂದು, ಗೋಡೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದದ್ದನ್ನು ಓದುವುದಕ್ಕಾಗಿಯಾದರೂ ಒಮ್ಮೆ ಕಣ್ಣು ತೆರೆಯಬೇಕು.

ತಮ್ಮ ನಿದ್ರೆಗೆ ಇನ್ನು ಮುಂದೆ ಯಾವ ಭಂಗವನ್ನೂ ತರುವುದಿಲ್ಲವೆಂಬ ಭರವಸೆಯೊಂದಿಗೆ, ನೂರಕ್ಕೆ ನೂರು ಪಾಲು,

ತಮ್ಮ ವಿಶ್ವಾಸಿ,
ಎಪ್ಪೋ ಡೈಕೆಮಾ
ಸೇತುವೆ ಕಾವಲುಗಾರ

ಮರೆತ ಮಾತು: ಈ ಪತ್ರ ಮುಗಿಸುವಷ್ಟರಲ್ಲಿ ಅಲೀಡಾ ನನ್ನ ಟಿಕೆಟ್ಟನ್ನು ಮುದ್ರಿಸಿ ತಂದಳು. ಗಂಟೆಗಳ ಗದ್ದಲದಲ್ಲಿ ನಾನು ಕೊಂಡದ್ದು ಹೋಗುವ ಟಿಕೆಟ್ಟು ಮಾತ್ರವಂತೆ. ಆ ಸಾವಿರದ ಇನ್ನೂರ ನಲವತ್ತರಲ್ಲಿ ಬರುವುದು ಸೇರಿಲ್ಲ. ಗಾಬರಿಯಿಂದ ತಮ್ಮನ್ನು ಕೇಳಿದೆ. ತಾವು ಕಣ್ಣು ಮುಚ್ಚಿ ‘ಕಾಯಿರಿ’ ಎಂದಿರಿ. ಅಲೀಡಾ ನನ್ನ ಹೆಗಲ ಮೇಲಿಂದ ಬಗ್ಗಿ ತಮ್ಮನ್ನು ಮೊದಲ ಸಲ ಪ್ರೀತಿಯಿಂದ ನೋಡಿ, "ಪಾಪ, ಗೂಬೆ ಸರಿಯಾಗೇ ಹೇಳ್ತಿದೆ ಕಣೋ, ನೀನು ಅಲ್ಲೇ ಕಾಯಿ" ಎಂದಳು.