ರಾಕ್ಷಸನಿಗೊಂದು ನೋಟಿಸು

ನಮ್ಮ ಸೋದರಮಾವನಷ್ಟು ಒಳ್ಳೆಯ ಮನುಷ್ಯ ಗದಗ ಜಿಲ್ಲೆಯಲ್ಲೇ ಸಿಗಲಿಕ್ಕಿಲ್ಲ. ತಾಪತ್ರಯ ಇರುವುದೇ ಅಲ್ಲಿ!

ಮಾವ ಕೋರ್ಟಿನ ಬೇಲಿಫ್ ಆಗಿದ್ದವರು. ಜನರ ಮನೆಗೆ ಹೋಗಿ ನೋಟಿಸು ಕೊಡುವುದು, ಯಾರೂ ತೆಗೆದುಕೊಳ್ಳದಿದ್ದರೆ ಬಾಗಿಲಿಗೆ ಅಂಟಿಸಿ ಇಬ್ಬರು ಪಂಚರ, ಅಂದರೆ ಸಾಕ್ಷಿಗಳ, ಸಹಿ ಪಡೆಯುವುದು ಅವರ ಕೆಲಸ. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಬೆಟಗೇರಿಯ ನಮ್ಮ ಮನೆಗೆ ಬಂದರೆ, ಬಾಗಿಲು ಹಾರುಹೊಡೆದಿದ್ದರೂ ಮೂರು ಸಲ ಬಡಿದು, ನನ್ನ ಹೆಸರನ್ನು ತಂದೆಯ ಹೆಸರಿನ ಸಮೇತ ಕೂಗಿಯೇ ಒಳಗೆ ಕಾಲಿಡುತ್ತಾರೆ.

ಇಂಥವರನ್ನು ಆಟಕ್ಕೆ ಸೇರಿಸಿಕೊಂಡ ಬುದ್ಧಿಗೇಡಿ ನಾನೇ. ಧಾರವಾಡದ ಹಾಸ್ಟೆಲಿನಲ್ಲಿ ಕಲಿತು ಬಂದ ಆಟ ಅದು. ಒಬ್ಬರು ಕಥೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರವಾಗಬೇಕು, ಗೆದ್ದರೋ ಸೋತರೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಪ್ರತಿ ಪಾತ್ರದ ಹಾಳೆಯಲ್ಲಿ ‘ಸ್ವಭಾವ’ ಎಂಬ ಸಾಲಿರುತ್ತದೆ. ಮಾವ ವೀರನಾಗಿ ‘ಕಾಯ್ದೆ ಮೀರದ ಸಜ್ಜನ’ ಎಂದು ಬರೆದರು. ಅಂಥವನಿಗೆ ಮುಟ್ಟಿದರೆ ಗಾಯ ಮಾಯುವ ಶಕ್ತಿ ಸಿಗುತ್ತದೆ, ಆದರೆ ಒಮ್ಮೆ ಕಾಯ್ದೆ ಮುರಿದರೂ ಅದು ಶಾಶ್ವತವಾಗಿ ಹೋಗುತ್ತದೆ. ಮೂರು ವರ್ಷ ಮಾವ ಆ ಶಕ್ತಿಯನ್ನು ಕಣ್ಣಿನ ಹಾಗೆ ಕಾಪಾಡಿದರು.

ಅವರ ಗೆಳೆಯ, ಲಕ್ಷ್ಮೇಶ್ವರದ ಪಾತ್ರೆ ವ್ಯಾಪಾರಿ ಮಕ್ಬೂಲ್ ಕಾಕಾ, ಕಳ್ಳನ ಪಾತ್ರ ಆರಿಸಿಕೊಂಡು ‘ಮನಸ್ಸಿಗೆ ಬಂದಂತೆ ನಡೆಯುವವ’ ಎಂದು ಬರೆದರು. ನಮ್ಮ ಮನೆಯವರು ಮಂತ್ರವಾದಿ. ಕಥೆ ನಡೆಸುವವಳು ನಾನು. ರವಿವಾರ ಊಟವಾದ ಮೇಲೆ ಆಟ ಶುರು, ನನ್ನ ತಲೆನೋವೂ ಶುರು.

ಮೊದಲ ದಿನವೇ ಗುಹೆಯೊಳಗೆ ರಾಕ್ಷಸ ಮಲಗಿದ್ದ.

“ಹಿಂದಿನ ಕಿಂಡ್ಯಾಗಿಂದ ಹೊಕ್ಕು ಕುತಗಿ ಕೊಯ್ದ ಬರ್ತೀನಿ,” ಎಂದರು ಮಕ್ಬೂಲ್ ಕಾಕಾ.

“ತಡಿಯೋ. ಹಂಗ ಕಳ್ಳರಂಗ ಹೊಗಬಾರದು.”

“ಲೇ ಬೇಲಿಫಾ, ನಾ ಕಳ್ಳನ ಅದೀನಿ.”

ಮಾವ ಕೇಳಬೇಕಲ್ಲ! ಗುಹೆಯ ಬಾಗಿಲು ಮೂರು ಸಲ ಬಡಿದು, ಮೂರು ಸಲ ಕೂಗಿ, ನೋಟಿಸು ಅಂಟಿಸಿದರು. ಅಷ್ಟು ಗದ್ದಲವಾದರೆ ಎಂಥ ರಾಕ್ಷಸನಿಗೂ ಎಚ್ಚರವಾಗುವುದಿಲ್ಲವೇ? ಎದ್ದು ಬಂದು ನಮ್ಮ ಮನೆಯವರ ಮಂತ್ರವಾದಿಯನ್ನು ಕೊಂದುಹಾಕಿದ. ಆ ಮಂತ್ರವಾದಿ ಸಾಯುವ ಮೊದಲೇ ಮಾವ ಅವನಿಂದ ಪಂಚನ ಸಹಿ ಮಾಡಿಸಿಕೊಂಡಿದ್ದರು.

ಇನ್ನೊಮ್ಮೆ ಸತ್ತ ದರೋಡೆಕೋರನ ಪಂಚನಾಮೆಗೇ ಎರಡು ರವಿವಾರ ಹಿಡಿಯಿತು. ಎಡಗಾಲಿನ ಚಪ್ಪಲಿ ಮಾತ್ರ ಇದೆ, ಬಲಗಾಲಿನದು ಎಲ್ಲಿ ಎಂದು ಮಾವ ನನ್ನನ್ನೇ ಪಾಟೀಸವಾಲು ಮಾಡಿದರು. ಕಥೆ ಹೇಳಿದವಳು ನಾನಂತೆ, ನನಗೆ ಗೊತ್ತಿರಬೇಕಂತೆ!

ಇಷ್ಟನ್ನೂ ನುಂಗಿಕೊಂಡೆವು. ಆದರೆ ಮಕ್ಬೂಲ್ ಕಾಕಾ ಆಟದ ರಾಜನ ಕಿರೀಟ ಹಾರಿಸಿದ ದಿನ, ಮಾವನ ವೀರ ಅವರ ಕಳ್ಳನನ್ನು ಹಗ್ಗದಿಂದ ಕಟ್ಟಿ ಕೋಟೆಯ ಸೆರೆಮನೆಗೆ ಹಾಕಿದ.

“ನಿನ್ನ ಜೀವ ಮೂರ ಸಲ ಉಳಿಸೀನಿ,” ಎಂದರು ಕಾಕಾ.

“ಅದು ಬ್ಯಾರೆ ಕೇಸು.”

ಕಾಕಾ ಟೋಪಿ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದರು. ಮುಂದಿನ ರವಿವಾರ ಬರಲಿಲ್ಲ. ಅದರ ಮುಂದಿನ ರವಿವಾರವೂ ಇಲ್ಲ. ಫೋನ್ ಎತ್ತಲಿಲ್ಲ.

ಮೂರನೆಯ ರವಿವಾರ ನನಗೆ ತಡೆಯಲಾಗಲಿಲ್ಲ. “ಆಟದಾಗರ ಒಂದ ಸಲ ಕಣ್ಣ ಮುಚ್ಚಿದ್ರ ಏನ ಗಂಟ ಹೋಗತಿತ್ತು ಮಾಮಾ? ಇದ್ದೊಬ್ಬ ಗೆಳೆಯನ್ನ ಕಳಕೊಂಡ್ರಿ,” ಎಂದು ಚೆನ್ನಾಗಿ ಬೈದೆ.

ಮಾವ ಕಾಕಾ ಕೂರುತ್ತಿದ್ದ ಖಾಲಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

“ನಾ ಬಂದ್ನಿ ಅಂದ್ರ ಮಂದಿ ಬಾಗಲಾ ಹಾಕ್ಕೊಂತಿದ್ರು ತಂಗಿ,” ಎಂದರು. “ಶಿರಹಟ್ಟಿಯಿಂದ ಕೊರ್ಲಹಳ್ಳಿತನಕಾ ಒಬ್ರೂ ಕುಂಡ್ರು ಅನಲಿಲ್ಲ. ಈ ಮಕ್ಬೂಲನ ಅಂಗಡಿಗೂ ನೋಟಿಸ್ ಒಯ್ದಿದ್ನಿ. ಮದ್ಲ ಚಾ ಕುಡಿ, ಆಮ್ಯಾಲ ಹಚ್ಚು ಅಂದಾ. ನನ್ನ ಅಂಟು ಒಣಗಿತ್ತು, ಅದನ್ನೂ ಅವನ ಕಲಸಿ ಕೊಟ್ಟಾ.”

ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಬೈದದ್ದಕ್ಕೆ ನಾಚಿಕೆಯಾಯಿತು.

ಮರುದಿನ ಇಬ್ಬರೂ ಲಕ್ಷ್ಮೇಶ್ವರಕ್ಕೆ ಹೋದೆವು. ಕಾಕಾ ಅಂಗಡಿಯೊಳಗೆ ಕೂತಿದ್ದರು, ನಮ್ಮನ್ನು ಕಂಡೂ ತಲೆ ಎತ್ತಲಿಲ್ಲ. ಮಾವ ಬಾಗಿಲು ಮೂರು ಸಲ ಬಡಿದು, ಚೀಲದಿಂದ ಹಾಳೆ ತೆಗೆದು ಅಂಟಿಸಿದರು. ಸಹಿ ಮಾಡಲು ನಾನು ಪೆನ್ನು ತೆಗೆದೆ.

“ಬ್ಯಾಡ ತಂಗಿ. ಇದಕ್ಕ ಪಂಚರು ಬ್ಯಾಡ,” ಎಂದರು.

ಕಾಕಾ ಎದ್ದು ಬಂದು ಕನ್ನಡಕ ಏರಿಸಿ ಓದಿದರು: ‘ಸದರಿ ವೀರನು ಯಾರ ಅಪ್ಪಣೆಯೂ ಇಲ್ಲದೆ ಸೆರೆಮನೆಯ ಬೀಗ ಒಡೆದು ಕಳ್ಳನನ್ನು ಬಿಟ್ಟಿರುತ್ತಾನೆ. ಕಳ್ಳನು ಬರುವ ರವಿವಾರ ತಪ್ಪದೆ ಹಾಜರಾಗತಕ್ಕದ್ದು.’

“ಪಂಚರ ಸಹಿ ಇಲ್ಲ. ಇದು ನಡಿಯಂಗಿಲ್ಲ,” ಎಂದರು ಕಾಕಾ.

“ಗೊತ್ತೈತಿ.”

“ನಿನ್ನ ಶಕ್ತಿನೂ ಹೋತಲ್ಲೋ.”

“ಹೋತು,” ಎಂದರು ಮಾವ. ಅಂಟು ಹತ್ತಿದ ಕೈ ಹಾಗೇ ಹಿಡಿದುಕೊಂಡು ಹೊಸ್ತಿಲ ಹೊರಗೇ ನಿಂತಿದ್ದರು.

ಕಾಕಾ ಇನ್ನೊಮ್ಮೆ ಹಾಳೆ ನೋಡಿದರು. ಒಂದು ಮೂಲೆ ಎದ್ದಿತ್ತು, ಅದನ್ನು ಹೆಬ್ಬೆರಳಿನಿಂದ ಒತ್ತಿ ಕೂಡಿಸಿದರು.

“ಮದ್ಲ ಒಳಗ ಬಾ,” ಎಂದರು, “ಚಾ ಕುಡಿ.”