ಏಕಾಂತದ ಒಂದು ಫೋಟೋ

ಪಾಕ್ ತ್ರಿಹಾರ್ತೊ ಅವರ ನೆಮ್ಮದಿ ಕೆಟ್ಟಿದ್ದು ಒಂದೇ ಒಂದು ಪದದಿಂದ. ಸೋಮವಾರ ಬೆಳಿಗ್ಗೆ ಅವರ ಮೊಬೈಲಿಗೆ ಬಂದ ಆ ಪದ 'ಏಕಾಂತ'.

ಗಂಡಸರನ್ನು 'ಪಾಕ್', ಹೆಂಗಸರನ್ನು 'ಬು', ಕಿರಿಯರನ್ನು 'ಮಾಸ್' ಎಂದು ಮರ್ಯಾದೆಯಿಂದ ಕರೆಯುವ ಸಲಾತಿಗಾ ಊರಿನ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಮುದ್ರೆ ಒತ್ತುವ ಕೆಲಸ ಅವರದು. ವರ್ಷದ ಹಿಂದೆ 'ವಾರಕ್ಕೊಂದು ಚಿತ್ರ' ಎಂಬ ವಾಟ್ಸಾಪ್ ಗುಂಪಿಗೆ ಸೇರಿದ್ದರು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಪಾಕ್ ಗುನಾರ್ಸೊ ಪ್ರತಿ ವಾರ ಒಂದು ವಿಷಯ ಕೊಡುವುದು, ಸದಸ್ಯರು ಭಾನುವಾರ ಸಂಜೆ ಮಸೀದಿಯ ಬಾಂಗ್ ಕೇಳುವುದರೊಳಗೆ ಅದಕ್ಕೊಪ್ಪುವ ಒಂದು ಫೋಟೋ ಕಳಿಸುವುದು. 'ವೇಗ' ಎಂದಾಗ ಪಾಕ್ ತ್ರಿ ಕಳಿಸಿದ ಬೈಕು ಸಿಗ್ನಲ್ಲಿನಲ್ಲಿ ನಿಂತಿತ್ತು. 'ನೆರಳು' ಎಂದಾಗ ಕಳಿಸಿದ್ದು ಅವರದೇ ಹೆಬ್ಬೆರಳಿನದು, ಅದೂ ಬೇಕೆಂದು ತೆಗೆದದ್ದಲ್ಲ. ವರ್ಷವಿಡೀ ಅವರ ಫೋಟೋಗಳಿಗೆ ಒಂದೊಂದೇ ಮೆಚ್ಚುಗೆ ಬೀಳುತ್ತಿತ್ತು, ಹೆಂಡತಿ ಬು ನಿಂಗ್ರುಮ್ ಅವರದು. ಆಕೆಯನ್ನು ಗುಂಪಿಗೆ ಸೇರಿಸಿದ್ದೇ ಅದಕ್ಕಾಗಿ.

ಈ ವಾರದ ಮಾತೇ ಬೇರೆ. ಆಯ್ಕೆಯಾದ ಚಿತ್ರವನ್ನು ದೊಡ್ಡದು ಮಾಡಿಸಿ ಗ್ರಂಥಾಲಯದ ಮುಂಬಾಗಿಲ ಗೋಡೆಗೆ ತೂಗುಹಾಕುತ್ತಾರಂತೆ. ತಾನು ಇಷ್ಟು ಕಾಲ ತಲೆ ತಗ್ಗಿಸಿ ಮುದ್ರೆ ಒತ್ತಿದ ಕಟ್ಟಡದಲ್ಲಿ ಜನ ತಲೆ ಎತ್ತಿ ತನ್ನ ಹೆಸರು ಓದುವುದು! ನೆನೆದರೇ ಪಾಕ್ ತ್ರಿಗೆ ಅಂಗಿಯ ಗುಂಡಿ ಬಿಗಿಯಾದಂತೆ ಅನ್ನಿಸುತ್ತಿತ್ತು.

ಆದರೆ ಅವರ ಗಲ್ಲಿಯಲ್ಲಿ ಏಕಾಂತ ಹುಡುಕುವುದು ಮೀನು ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಪರಿಮಳ ಹುಡುಕಿದಂತೆ. ಒಂದು ಮನೆಯಲ್ಲಿ ಕೆಮ್ಮಿದರೆ ಪಕ್ಕದ ಮನೆಯಲ್ಲಿ ಶುಂಠಿ ಜಜ್ಜುವ ಸದ್ದು ಕೇಳುತ್ತಿತ್ತು. ಬುಧವಾರ ಬಸ್ ಸ್ಟಾಂಡಿನ ಖಾಲಿ ಬೆಂಚಿಗೆ ಗುರಿಯಿಟ್ಟರೆ ಅಪರಿಚಿತನೊಬ್ಬ ಬಂದು ಕೂತು ಕೂದಲು ಬಾಚಿಕೊಂಡ. ಶುಕ್ರವಾರ ಕಾಂಪೌಂಡಿನ ಮೇಲಿದ್ದ ಒಂಟಿ ಬೆಕ್ಕು ಕ್ಯಾಮೆರಾ ಕಂಡೊಡನೆ ತನ್ನ ಬಂಧುಬಳಗವನ್ನೆಲ್ಲ ಕರೆಸಿಕೊಂಡಿತು. ಹಾಗೆ ನೋಡನೋಡುತ್ತ ಭಾನುವಾರ ಬಂದೇಬಿಟ್ಟಿತು.

ಬೆಳಿಗ್ಗೆಯೇ ಪಾಕ್ ತ್ರಿ ಮನೆಯ ಬೆತ್ತದ ಕುರ್ಚಿಯನ್ನು ತಂದು ಗಲ್ಲಿಯ ನಡುವೆ ಇಟ್ಟರು. ಎಳೆಬಿಸಿಲು, ಖಾಲಿ ಕುರ್ಚಿ, ಉದ್ದನೆಯ ನೆರಳು. ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು ಇನ್ನೇನು ಬೆರಳೊತ್ತಬೇಕು, ಬು ಕಸಿಯಾತಿ ಬಂದು ಕುರ್ಚಿಯಲ್ಲಿ ಕೂತುಬಿಟ್ಟರು. ಗಲ್ಲಿಯ ಬಾಯಲ್ಲಿ ಕಾಫಿ, ಕರಿದ ತಿಂಡಿ ಮಾರುವ ಆಕೆ ಕೂತರೆ ಕುರ್ಚಿಯಿರಲಿ, ಅದರ ಹಿಂದಿನ ಗೋಡೆಯೂ ಕಾಣುವುದಿಲ್ಲ.

"ಅಯ್ಯೋ, ನನಗೋಸ್ಕರ ಕುರ್ಚಿ ಹಾಕಿದ್ರಾ ಪಾಕ್ ತ್ರಿ? ನಿನ್ನೆ ಮಂಡಿ ನೋವು ಅಂದಿದ್ದು ನೆನಪಿಟ್ಕೊಂಡಿದ್ದೀರಲ್ಲ, ನಿಮ್ಮ ಹೊಟ್ಟೆ ತಣ್ಣಗಿರ್ಲಿ!"

"ಅಲ್ಲ ಬು... ಅದು ಖಾಲಿ ಇರ್ಬೇಕಿತ್ತು."

"ಖಾಲಿ ಕುರ್ಚಿ ಇಟ್ಕೊಂಡು ಅದರ ಮುಂದೆ ಮಂಡಿಯೂರಿ ಏನ್ಮಾಡ್ತಿದ್ರಿ?" ಆಕೆಯ ಕಣ್ಣು ಮುಚ್ಚಿದ್ದ ಬಾಗಿಲಿನತ್ತ ಹೊರಳಿತು. "ಅಂದ ಹಾಗೆ, ಬು ನಿಂಗ್ರುಮ್ ಎಲ್ಲಿ? ಎರಡು ದಿನದಿಂದ ಕಾಣ್ತಾನೇ ಇಲ್ಲ."

"ಅಂಬಾರಾವಾಗೆ ಹೋಗಿದ್ದಾಳೆ, ಅಕ್ಕನ ಮನೆಗೆ."

"ಯಾವಾಗ ಬರ್ತಾರೆ?"

ಪಾಕ್ ತ್ರಿಯ ಗಮನವೆಲ್ಲ ಕುರ್ಚಿಯಿಂದ ಜಾರಿ ಚರಂಡಿಯತ್ತ ಸಾಗುತ್ತಿದ್ದ ಬಿಸಿಲಿನ ಮೇಲಿತ್ತು. "ಯಾರಿಗೆ ಗೊತ್ತು? ಹೋಗೋದೂ ಅವಳಿಷ್ಟ, ಬರೋದೂ ಅವಳಿಷ್ಟ," ಎಂದುಬಿಟ್ಟರು.

ಬು ಕಸಿಯಾತಿ ಎದೆಯ ಮೇಲೆ ಕೈಯಿಟ್ಟುಕೊಂಡು ಎದ್ದರು. "ಪಾಪ, ಪಾಪ," ಎನ್ನುತ್ತ, ಮಂಡಿ ನೋವನ್ನು ಅಲ್ಲೇ ಕುರ್ಚಿಯ ಮೇಲೆ ಬಿಟ್ಟು, ಅಂಗಡಿಯತ್ತ ದಾಪುಗಾಲು ಹಾಕಿದರು. ಮುಂದೆ ಅಲ್ಲಿ ಕಾಫಿಗೆ ಬಂದವರಿಗೆಲ್ಲ ಕಾಫಿಯ ಜೊತೆಗೆ ಸುದ್ದಿಯೂ ಬಿಸಿಬಿಸಿಯಾಗಿ ಸಿಕ್ಕಿತು.

ಇತ್ತ ಪಾಕ್ ತ್ರಿ ಹೊಸ ಉಪಾಯ ಹೂಡಿದ್ದರು. ಬೇರೆ ಯಾರೂ ಬೇಡ, ಒಂಟಿ ಮನುಷ್ಯ ತಾನೇ ಆದರಾಯಿತು! ಗಲ್ಲಿಯ ಹಿಂದಿನ ಹಳ್ಳಕ್ಕಿಳಿದು, ಮೊಬೈಲನ್ನು ಕಲ್ಲಿಗೆ ಒರಗಿಸಿ ಟೈಮರ್ ಇಟ್ಟು, ಓಡಿ ಹೋಗಿ ನೀರಿನ ನಡುವಿನ ಬಂಡೆಯ ಮೇಲೆ ಕೂತರು. ತಲೆ ತಗ್ಗಿಸಿದರು. ಭುಜ ಇಳಿಬಿಟ್ಟರು. ಲೋಕದ ದುಃಖವೆಲ್ಲ ಬೆನ್ನಿನಲ್ಲಿ ಕಾಣಲಿ ಎಂದು ಸ್ವಲ್ಪ ಗೂನು ಬೆನ್ನನ್ನೂ ಮಾಡಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕಣ್ಣೊರೆಸಿಕೊಂಡರೆ ಇನ್ನೂ ಕಳೆ ಬರುತ್ತದೆ ಎನ್ನಿಸಿ ಅದನ್ನೂ ಮಾಡಿದರು.

ಅದೇ ಹೊತ್ತಿಗೆ ಮೇಲಿನ ಸೇತುವೆಯ ಮೇಲೆ ಮಾಂಸದುಂಡೆ ಸಾರಿನ ಗಾಡಿ ತಳ್ಳಿಕೊಂಡು ಮಾಸ್ ಪರ್ಜಾನ್ ಬರುತ್ತಿದ್ದ. ಆಗಷ್ಟೇ ಬು ಕಸಿಯಾತಿಯ ಅಂಗಡಿಯಲ್ಲಿ ಕಾಫಿ ಕುಡಿದು ಬಂದವನು. ಕೆಳಗಿನ ದೃಶ್ಯ ಕಂಡದ್ದೇ ಗಾಡಿಯನ್ನು ಅಲ್ಲೇ ಬಿಟ್ಟು ಗಲ್ಲಿಗೆ ಓಡಿದ.

ಮೊದಲೆರಡರಲ್ಲಿ ತಲೆಯೇ ಬರದೆ, ಮೂರನೆಯ ಫೋಟೋಗೆ ಕೂತಿದ್ದಾಗ ಪಾಕ್ ತ್ರಿಯ ತಲೆಯ ಮೇಲಿಂದ ಆಕಾಶವಾಣಿಯಾಯಿತು.

"ಪಾಕ್ ತ್ರಿಹಾರ್ತೊ! ನಾನು, ಗಲ್ಲಿ ಮುಖ್ಯಸ್ಥ ಮುಗಿಯೊನೊ ಮಾತಾಡ್ತಿರೋದು! ಇದ್ದಲ್ಲೇ ಇರಿ! ದುಡುಕ್ಬೇಡಿ!"

ತಲೆಯೆತ್ತಿ ನೋಡಿದರೆ ಸೇತುವೆಯ ಉದ್ದಕ್ಕೂ ಇಡೀ ಗಲ್ಲಿ ನಿಂತಿತ್ತು. ನಡುವೆ ಪಾಕ್ ಮುಗಿಯೊನೊ, ಕೈಯಲ್ಲಿ ಸ್ವಾತಂತ್ರ್ಯ ದಿನದ ಹಗ್ಗಜಗ್ಗಾಟಕ್ಕೆ ಬಳಸುವ ಮೈಕು.

"ಹೆಂಡ್ತಿ ಬಿಟ್ಟು ಹೋದ್ರೆ ಬದುಕು ಮುಗೀತು ಅಂತಲ್ಲ! ನನ್ನ ತಮ್ಮನಿಗೂ ಹೀಗೇ ಆಗಿತ್ತು! ಈಗ ನೋಡಿ, ಎಷ್ಟು ದಪ್ಪ ಆಗಿದ್ದಾನೆ!"

"ಯಾರು ಬಿಟ್ಟು ಹೋದ್ರು?" ಎಂದು ಪಾಕ್ ತ್ರಿ ಕೂಗಿದರು.

"ಪಾಪ, ಒಪ್ಕೊಳ್ಳೋಕೂ ಆಗ್ತಿಲ್ಲ," ಎಂದು ಬು ಕಸಿಯಾತಿ ಸೆರಗಿನಂತೆ ಹೊದ್ದಿದ್ದ ತಲೆವಸ್ತ್ರದಿಂದ ಮೂಗೊರೆಸಿಕೊಂಡರು.

ಹಳ್ಳದ ನೀರು ಪಾದ ಮುಳುಗುವಷ್ಟೂ ಇರಲಿಲ್ಲ. ಅದರಲ್ಲಿ ಮೀನುಗಳೇ ಒಂದು ಮಗ್ಗುಲಾಗಿ ಈಜುತ್ತಿದ್ದವು. ಆದರೂ ಮಾಸ್ ಪರ್ಜಾನ್ "ನಾನಿದ್ದೀನಿ!" ಎನ್ನುತ್ತ ಧುಮುಕಿ ಪಾಕ್ ತ್ರಿಯನ್ನು ಸೊಂಟಕ್ಕೆ ತಬ್ಬಿಹಿಡಿದ. ಹಾಗೆ ಹಿಡಿದ ರಭಸಕ್ಕೆ, ಅಲ್ಲಿಯವರೆಗೆ ಒಣಗಿಯೇ ಇದ್ದ ಪಾಕ್ ತ್ರಿ ಅಡಿಯಿಂದ ಮುಡಿಯವರೆಗೆ ನೆನೆದರು.

ಮನೆಗೆ ಹೊತ್ತು ತಂದ ಮೇಲೆ ಉಪಚಾರ ಶುರುವಾಯಿತು. ಒಬ್ಬರು ಶೀತ ಇಳಿಯಲೆಂದು ಬೆನ್ನಿಗೆ ಮುಲಾಮು ಉಜ್ಜಿ ನಾಣ್ಯದಿಂದ ಗೀರಿದರು. ಇನ್ನೊಬ್ಬರು ಪಾದ ಒತ್ತಿದರು. ಬು ಕಸಿಯಾತಿ ಸೋಯಾ ಕಾಳಿನ ತೆಂಪೆ ಬಿಸಿಬಿಸಿ ಕರಿದು ತಂದು ಬಾಯಿಗೇ ತುರುಕಿದರು. "ನಾನು ಫೋಟೋ..." ಎಂದು ಬಾಯಿ ತೆರೆದಾಗಲೆಲ್ಲ ಇನ್ನೊಂದು ತುಂಡು ಒಳಗೆ ಹೋಗುತ್ತಿತ್ತು.

"ಅವರ ಫೋಟೋ ನೋಡೋದು ಬೇಡ ಪಾಕ್, ಇನ್ನೂ ನೋವಾಗುತ್ತೆ," ಎಂದು ಮಾಸ್ ಪರ್ಜಾನ್ ಗೋಡೆಯ ಮೇಲಿದ್ದ ಮದುವೆ ಫೋಟೋವನ್ನು ಮೆಲ್ಲಗೆ ತಿರುಗಿಸಿ ಹಾಕಿದ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಾಗಿಲಲ್ಲಿ ಬಾಡಿಗೆ ಬೈಕೊಂದು ನಿಂತಿತು. ಸವಾರ ಕೊಟ್ಟ ಹೆಲ್ಮೆಟ್ಟನ್ನೂ ತೆಗೆಯದೆ ಬು ನಿಂಗ್ರುಮ್ ಒಳಗೆ ನುಗ್ಗಿದರು. ಕೈಯಲ್ಲಿ ಅರ್ಧ ತುರಿದ ತೆಂಗಿನ ಹೋಳು.

"ನಾನು ಯಾವನ ಜೊತೆಗೋ ಓಡಿಹೋದೆ ಅಂತ ಯಾರ್ರೀ ಹೇಳಿದ್ದು? ಅಕ್ಕನ ಮಗಳ ಮದುವೆಗೆ ಕಾಯಿ ತುರೀತಾ ಕೂತಿದ್ದೆ! ನಿಮ್ಮ ಗಂಡ ಹಳ್ಳಕ್ಕೆ ಹಾರಿದ್ರು ಅಂತ ಫೋನ್ ಬಂತು!" ಗಂಡನ ಕೆನ್ನೆ, ಭುಜ, ತಲೆ ಎಲ್ಲವನ್ನೂ ಮುಟ್ಟಿ ನೋಡಿ, ಎಲ್ಲ ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆ ಭುಜಕ್ಕೆ ಒಂದು ಕೊಟ್ಟರು. "ಏನಾಗಿತ್ತು ನಿಮಗೆ, ಪಾಕ್?"

ಪಾಕ್ ತ್ರಿ ತೆಂಪೆ ನುಂಗಿದರು. "ನನಗೆ ಏಕಾಂತ ಬೇಕಿತ್ತು."

"ನನ್ನಿಂದಾನಾ?"

"ಫೋಟೋಗೆ ಕಣೇ! ಈ ವಾರದ ವಿಷಯ! ನಿನ್ನ ಮೊಬೈಲಲ್ಲೂ ಇದೆ ನೋಡು!"

ಬು ನಿಂಗ್ರುಮ್ ನೋಡಿದರು. ಪಾಕ್ ಮುಗಿಯೊನೊ ಇಣುಕಿ ನೋಡಿದರು. ಮೊಬೈಲು ಕೈಯಿಂದ ಕೈಗೆ ದಾಟಿ ಬಾಗಿಲಾಚೆಯವರೆಗೂ ಹೋಗಿ ಬಂತು. ಎಲ್ಲರೂ ನೆಲ ನೋಡಿದರು. ಮಾಸ್ ಪರ್ಜಾನ್ ಮದುವೆ ಫೋಟೋವನ್ನು ಸದ್ದಾಗದಂತೆ ಮೊದಲಿನಂತೆ ತಿರುಗಿಸಿದ.

"ಇಷ್ಟೇನಾ?" ಎಂದು ಪಾಕ್ ಮುಗಿಯೊನೊ ಗಂಟಲು ಸರಿಮಾಡಿಕೊಂಡರು. "ಮೊದಲೇ ಹೇಳ್ಬಾರ್ದಾ? ಏಕಾಂತ ತಾನೆ? ಗಲ್ಲಿಯೋರೆಲ್ಲ ಸೇರಿ ಮಾಡ್ಕೊಡ್ತೀವಿ!"

ಸೂರ್ಯ ಮುಳುಗಲು ಇನ್ನೂ ಸ್ವಲ್ಪ ಹೊತ್ತಿತ್ತು. ಮುಖ್ಯಸ್ಥರ ಅಪ್ಪಣೆಯಂತೆ ಎಲ್ಲರೂ ಮನೆ ಸೇರಿದರು. ಒಣಗಿದ ಬಟ್ಟೆಗಳು ಒಳಗೆ ಹೋದವು, ಬೈಕುಗಳು ಮರೆಯಾದವು, ಬು ಕಸಿಯಾತಿ ಒಲೆ ಆರಿಸಿ ಅಂಗಡಿಗೆ ಪರದೆ ಎಳೆದರು. ಕೋಳಿಗಳನ್ನೂ ಬಿಡದೆ ಗೂಡಿಗೆ ಸೇರಿಸಿದರು.

ಪಾಕ್ ತ್ರಿ ಗಲ್ಲಿಯ ತುದಿಯಲ್ಲಿ ಒಬ್ಬರೇ ನಿಂತರು. ಉದ್ದಕ್ಕೂ ಬರಿದಾದ ದಾರಿ, ಮೇಲೆ ಹೊಂಬಣ್ಣದ ಬೆಳಕು. ಬಾಣಲೆಯ ಚುಂಯ್ ಇಲ್ಲ, "ಎಲ್ಲಿಗೆ ಹೊರಟ್ರಿ?" ಎನ್ನುವವರಿಲ್ಲ. ನಿಜಕ್ಕೂ ಇವರೆಲ್ಲ ಇಲ್ಲದೇ ಹೋದರೆ? ತಾನು ಬಂಡೆಯ ಮೇಲೆ ಕೂತು ಕಣ್ಣೊರೆಸಿಕೊಂಡಾಗ ಯಾರೂ ಓಡಿ ಬರದೇ ಇದ್ದಿದ್ದರೆ? ಅಂಥ ಗಲ್ಲಿಗಳೂ ಲೋಕದಲ್ಲಿ ಇದ್ದಾವು. ಮುಲಾಮು ಹಚ್ಚಿದ ಬೆನ್ನು ಇನ್ನೂ ಬೆಚ್ಚಗೆ ಉರಿಯುತ್ತಿತ್ತು. ಬೆರಳೊತ್ತಿದರು. ಕಣ್ಣು ಮಂಜಾಗಿದ್ದರಿಂದ ಫೋಟೋವನ್ನು ಸರಿಯಾಗಿ ನೋಡಲೂ ಆಗಲಿಲ್ಲ. ಹಾಗೇ ಕಳಿಸಿದರು. ಹಿಂದೆಯೇ ಬಾಂಗ್ ಕೇಳಿಸಿತು.

ಕತ್ತಲಾಗುತ್ತಲೇ ಪಾಕ್ ಗುನಾರ್ಸೊ ಅವರ ಉತ್ತರ ಬಂತು.

'ಪಾಕ್ ತ್ರಿಹಾರ್ತೊ, ಬೆಳಕು ಅದ್ಭುತ. ಗೋಡೆಗೆ ಹಾಕುವುದಕ್ಕೆಂದು ದೊಡ್ಡದು ಮಾಡಿ ನೋಡಿದೆವು. ನಿಮ್ಮ ಏಕಾಂತದಲ್ಲಿ ಎಷ್ಟು ಜನ ಇದ್ದಾರೆಂದು ಇನ್ನೂ ಎಣಿಸುತ್ತಿದ್ದೇವೆ. ವಿಷಯಕ್ಕೆ ಪೂರ್ತಿ ವಿರುದ್ಧವಾದ್ದರಿಂದ ಸ್ಪರ್ಧೆಯಿಂದ ಕೈಬಿಡಲಾಗಿದೆ. ಕ್ಷಮಿಸಿ.'

ಪಾಕ್ ತ್ರಿ ಗಾಬರಿಯಿಂದ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿದರು. ಪ್ರತಿ ಕಿಟಕಿಯಲ್ಲೂ ಒಂದೊಂದು ಮುಖ. ಅಂಗಡಿಯ ಪರದೆಯ ಸಂದಿಯಲ್ಲಿ ಬು ಕಸಿಯಾತಿ, ಕೈಯಲ್ಲಿ ತಟ್ಟೆ. ಗಾಡಿಯಡಿ ಅಂಗಾತ ಮಲಗಿದ್ದ ಮಾಸ್ ಪರ್ಜಾನ್ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ. ನೀರಿನ ಟ್ಯಾಂಕಿನ ಹಿಂದಿನಿಂದ ಪಾಕ್ ಮುಗಿಯೊನೊ ಅವರ ಕರಿ ಟೋಪಿ, ಅದರ ಕೆಳಗೆ ಎರಡು ಕಣ್ಣು. ಎಲ್ಲರೂ ಉಸಿರು ಬಿಗಿಹಿಡಿದು, ಪಾಕ್ ತ್ರಿಗೊಂದು ಒಳ್ಳೆಯ ಫೋಟೋ ಸಿಗಲಪ್ಪಾ ಎಂದು ಬೇಡಿಕೊಳ್ಳುವವರ ಹಾಗೆ ತನ್ನನ್ನೇ ನೋಡುತ್ತಿದ್ದಾರೆ. ತಮ್ಮದೇ ಮನೆಯ ಕಿಟಕಿಯಲ್ಲಿ ಬು ನಿಂಗ್ರುಮ್. ಆ ಗಡಿಬಿಡಿಯಲ್ಲೂ ಮುಖಕ್ಕೆ ಪೌಡರ್ ಹಚ್ಚಿಕೊಂಡಿದ್ದರು.

ಪಾಕ್ ತ್ರಿಗೆ ನಗು ಬಂತು, ಅದರ ಹಿಂದೆಯೇ ಕಣ್ಣೀರೂ ಬಂತು. ವರ್ಷದಲ್ಲಿ ಅವರು ತೆಗೆದ ಒಂದೇ ಒಂದು ಒಳ್ಳೆಯ ಫೋಟೋ ಅದು.

ಬಾಗಿಲಲ್ಲಿ ಆಗಲೇ ಜನ. "ಏನಂದ್ರು ಪಾಕ್ ತ್ರಿ? ಗೆದ್ವಾ?"

ಅಷ್ಟೊಂದು ಕಣ್ಣುಗಳ ಮುಂದೆ ಇಲ್ಲ ಎನ್ನಲು ಅವರಿಗೆ ನಾಲಗೆ ಏಳಲಿಲ್ಲ. "ಗೆದ್ದ ಹಾಗೇನೆ. ಇಂಥ ಏಕಾಂತ ಅವರು ಎಲ್ಲೂ ನೋಡಿಲ್ವಂತೆ. ನಿಮ್ಮೆಲ್ಲರ ಉಪಕಾರ ಮರೆಯಲ್ಲ."

ಗಲ್ಲಿ ಹೋ ಎಂದು ಕೂಗಿತು. "ಹಾಗಾದ್ರೆ ಮುಂದಿನ ಭಾನುವಾರ ಪಾಕ್ ತ್ರಿ ಮನೇಲಿ ಹರಕೆ ಊಟ! ಅರಿಶಿನದ ಅನ್ನ, ಇಡೀ ಗಲ್ಲಿಗೆ!" ಎಂದು ಪಾಕ್ ಮುಗಿಯೊನೊ ಸಾರಿಯೇಬಿಟ್ಟರು. ಬು ನಿಂಗ್ರುಮ್ ಗಂಡನತ್ತ ನೋಡಿದ ನೋಟದಲ್ಲಿ, ಆ ಅನ್ನಕ್ಕೆ ಬೇಕಾಗುವ ಕಾಯಿಯನ್ನೆಲ್ಲ ತುರಿಯುವವರು ಯಾರು ಎಂಬ ಪ್ರಶ್ನೆಗೆ ಉತ್ತರವಿತ್ತು.

ಅಷ್ಟರಲ್ಲಿ ಆಕೆಯ ಮೊಬೈಲು ಸದ್ದು ಮಾಡಿತು. ಮೇಷ್ಟ್ರು ಈ ಸಲ ಸೋಮವಾರದವರೆಗೂ ಕಾಯದೆ ಮುಂದಿನ ವಾರದ ವಿಷಯ ಕಳಿಸಿದ್ದರು. ಬು ನಿಂಗ್ರುಮ್ ಗಟ್ಟಿಯಾಗಿ ಓದಿದರು:

"ಮೌನ."

"ಅಷ್ಟೇನಾ!" ಎಂದು ಇಡೀ ಗಲ್ಲಿ ಒಟ್ಟಿಗೆ ಕೂಗಿತು. "ಏನೂ ಯೋಚ್ನೆ ಮಾಡ್ಬೇಡಿ ಪಾಕ್ ತ್ರಿ, ನಾವೆಲ್ಲ ಇಲ್ವಾ!"